ಮಂಗಳ ಗ್ರಹಕ್ಕೆ ಗುಳೆ ಹೋದವಳು

ನಮ್ಮ ಸೋದರಮಾವ ಮಂಗಳ ಗ್ರಹಕ್ಕೆ ಬಸ್ಸು ಬಿಟ್ಟವರು. ನಂಬುವುದಿಲ್ಲವೇ? ದೇವದುರ್ಗದ ಬಸ್ ನಿಲ್ದಾಣದಲ್ಲಿ ಕೇಳಿ. ಅಲ್ಲಿ ಕಂಟ್ರೋಲರ್ ಆಗಿದ್ದಾಗ ಒಮ್ಮೆ ಯಾವುದೋ ಕಥೆ ಓದಿದ ಗುಂಗಿನಲ್ಲಿ, ಮೈಕಿನಲ್ಲಿ ‘ಮಾನ್ವಿ’ ಎನ್ನುವ ಬದಲು ‘ಮಂಗಳ ಗ್ರಹಕ್ಕೆ ಹೋಗುವ ಗಾಡಿ ಹೊರಡಲಿದೆ’ ಎಂದುಬಿಟ್ಟರಂತೆ. ಯಾರೂ ನಗಲಿಲ್ಲ. ಗುಳೆ ಹೊರಟು ಗಂಟು ಹಿಡಿದು ಕೂತಿದ್ದ ನಾಲ್ಕು ಮಂದಿ ಎದ್ದು ಬಂದು, “ಅಲ್ಲಿ ಕೆಲಸ ಸಿಗತದೇನ್ರೀ?” ಎಂದು ಕೇಳಿದರಂತೆ.

ನಿವೃತ್ತಿಯ ನಂತರ ಮಾವ ಅದನ್ನೇ ಕಾದಂಬರಿ ಮಾಡಿದರು. ಅರಕೇರಾದ ಹೆಣ್ಣುಮಗಳೊಬ್ಬಳು ಮಂಗಳ ಗ್ರಹದ ರಸ್ತೆ ಕೆಲಸಕ್ಕೆ ಹೋಗುತ್ತಾಳೆ. ರಾಕೆಟ್ಟು ತಡವಾಗಿ ಬರುತ್ತದೆ. ಬಸ್ ನಿಲ್ದಾಣದವರು ಬರೆದ ರಾಕೆಟ್ಟು ವೇಳೆಗೆ ಬಂದೀತೇ? ಮೇಸ್ತ್ರಿ ಅಲ್ಲಿಯೂ ಬೈಯುತ್ತಾನೆ. ಮರಳುವ ರಾಕೆಟ್ಟು ಕಾಣೆಯಾಗುತ್ತದೆ. ಇತ್ತ ಮಗ ಕಾಯುತ್ತಾನೆ. ‘ಅವಳು ಬರಲಿಲ್ಲ’ ಎಂದು ಪುಸ್ತಕ ಮುಗಿಯುತ್ತದೆ. ತಾವೇ ಅಚ್ಚು ಹಾಕಿಸಿದರು, ಯಾರೂ ಕೊಳ್ಳಲಿಲ್ಲ. ಮನೆಗೆ ಬಂದವರಿಗೆ ಅತ್ತೆ, “ಮಂಗಳ ಗ್ರಹ ನಮ್ಮ ಮಂಚದ ಕೆಳಗೇ ಅದ, ಬಗ್ಗಿ ನೋಡ್ರಿ” ಎನ್ನುತ್ತಿದ್ದರು.

ಹೀಗಿರುವಾಗ ರಾಯಚೂರಿನ ಕಾಲೇಜೊಂದರಲ್ಲಿ ನಡೆಯುವ ವೈಜ್ಞಾನಿಕ ಕಥೆಗಾರರ ಸಮಾವೇಶಕ್ಕೆ ಮಾವನಿಗೆ ಕರೆ ಬಂತು. ಮಾನ್ವಿಯಲ್ಲಿ ಶಿಕ್ಷಕಿಯಾಗಿರುವ ನನ್ನ ಮನೆಗೆ ಹಿಂದಿನ ದಿನವೇ ಬಂದಿಳಿದರು, ಎರಡು ಚೀಲ ಪುಸ್ತಕದೊಂದಿಗೆ. ಬೆಳಗ್ಗೆ ನೋಡಿದರೆ ಮದುವೆಯ ಕೋಟು ತೊಟ್ಟು ನಿಂತಿದ್ದಾರೆ.

“ಮಾವಾ, ಈ ಬಿಸಲಾಗ ಕೋಟು ಯಾಕ?”

“ಬಾಹ್ಯಾಕಾಶದಾಗ ಥಂಡಿ ಇರ್ತದ. ಸುಮ್ನ ನಡಿ.”

ಸಮಾವೇಶದಲ್ಲಿ ಬೆಳಗಿನಿಂದ ರೋಬಾಟುಗಳದ್ದೇ ಮಾತು. ಚರ್ಚೆಯಲ್ಲಿ ಮಾವನ ಪುಸ್ತಕ ತಿರುವಿ ಹಾಕಿದ ವಿಮರ್ಶಕರೊಬ್ಬರು ಕೇಳಿದರು: “ನಿಮ್ಮ ಮಂಗಳ ಗ್ರಹದಲ್ಲಿ ಎಲ್ಲರೂ ದೇವದುರ್ಗದ ಭಾಷೆ ಆಡುತ್ತಾರಲ್ಲ, ಏಕೆ?”

“ದುಡಿಯಾಕ ಹೋದವ್ರು ನಾವೇ ಅಲ್ರೀ? ಮತ್ತ ಯಾರ ಭಾಷಾ ಇರಬೇಕು?”

ಸಭೆ ಗೊಳ್ಳೆಂದು ನಕ್ಕಿತು. ಜಾಣ ಉತ್ತರಕ್ಕೆ ನಕ್ಕ ನಗೆ ಅದಲ್ಲವೆಂದು ಮಾವನಿಗೂ ತಿಳಿಯಿತು. ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿದರು.

ಅವರ ಓದಿಗೆ ಸಿಕ್ಕಿದ್ದು ಊಟದ ಹೊತ್ತು. ಸಭಾಂಗಣದಲ್ಲಿ ಉಳಿದವರು ಏಳು ಜನ, ಅವರಲ್ಲಿ ಇಬ್ಬರಿಗೆ ನಿದ್ದೆ. ಒಂದು ಆಯುಷ್ಯವೆಲ್ಲ ಮೈಕಿನ ಮುಂದೆ ಕಳೆದ ಮನುಷ್ಯ ಅಂದು ಮೂರು ಸಲ ಮೈಕು ತಟ್ಟಿ ನೋಡಿ ಓದಲು ಶುರುಮಾಡಿದರು. ಕೊನೆಯ ಪುಟ ಓದಿ ಇಳಿದರು. ಚಪ್ಪಾಳೆ ನನ್ನದೊಂದೇ.

ಲೋಟ ಒಯ್ಯಲು ಬಂದಿದ್ದ ಕೆಲಸದ ಹೆಂಗಸು ಬಾಗಿಲಲ್ಲೇ ನಿಂತು ಕೇಳಿದ್ದಳು. ಮಾವನ ಹತ್ತಿರ ಬಂದಳು.

“ಯಪ್ಪಾ, ಆಕಿ ಖರೇನ ಬರಲಿಲ್ಲೇನ್ರೀ?”

“ಅದು ಕಥಿ, ಯವ್ವಾ.”

“ಕಥಿ ಇದ್ರ ಬರಬಹುದಿತ್ತಲ್ರೀ?”

ಮಾವ ಪುಸ್ತಕ ಮುಚ್ಚಿದರು. ಮುಂದಿನ ಗೋಷ್ಠಿಗೂ ಕೂರದೆ ಚೀಲ ಎತ್ತಿಕೊಂಡು ಹೊರಟರು.

ಮಾನ್ವಿಯ ಬಸ್ಸು ಹತ್ತಿದೆವು. ನಮ್ಮ ಅಜ್ಜಿ, ಎಂದರೆ ಮಾವನ ತಾಯಿ, ದೂರದೂರಿಗೆ ರಸ್ತೆ ಕೆಲಸಕ್ಕೆ ಹೋದಾಗ ಮಾವನಿಗೆ ಐದು ವರ್ಷ. ಹೋದವಳು ಹೊಳ್ಳಿ ಬರಲಿಲ್ಲ. ಏನಾಯಿತೆಂದು ಹೇಳುವವರೂ ಬರಲಿಲ್ಲ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಮಾವ ಎತ್ತಿದ್ದರು, ಇನ್ನೂರು ಪುಟ. ನಾವೆಲ್ಲ ರಾಕೆಟ್ಟು ನೋಡಿ ನಕ್ಕಿದ್ದೆವು.

ಕಲ್ಲೂರು ದಾಟಿದ ಮೇಲೆ ಮಾವ ಒಂದು ಪುಸ್ತಕ ತೆಗೆದು ಕೊನೆಯ ಸಾಲು ಹೊಡೆದುಹಾಕಿದರು. ‘ಅವಳು ಬಂದಳು’ ಎಂದು ಬರೆದು ಪೆನ್ನು ಹಿಡಿದೇ ಕೂತರು.

“ಬಂದಾಕಿ ಮೊದಲ ಏನಂತಾಳ? ನೀ ಹೇಳವಾ. ನನಗ ಆಕಿ ದನಿ ನೆನಪಿಲ್ಲ.”

ಅಜ್ಜಿಯ ದನಿಯನ್ನು ನಾನಾದರೂ ಎಲ್ಲಿ ಕೇಳಿದ್ದೆ?

“‘ಉಂಡಿಯೇನೋ ಮಗಾ’ ಅಂತಾಳ, ಮಾವಾ.”

ಬಸ್ಸಿನ ಕುಲುಕಾಟದಲ್ಲಿ ವಕ್ರವಕ್ರವಾಗಿ ಅಷ್ಟನ್ನೇ ಬರೆದರು. ಆಮೇಲೆ ಚೀಲದಿಂದ ಇನ್ನೊಂದು ಪ್ರತಿ ತೆಗೆದರು. ನಾನೂ ಪೆನ್ನು ಹುಡುಕಿ, ಒಂದು ಪ್ರತಿ ತೆಗೆದುಕೊಂಡೆ.