ಬೆನ್ನಿಗೆ ಒದೆಯುವ ಇಂಜಿನ್ನು

ಇಡೀ ಪೀಣ್ಯದಲ್ಲಿ ಅತಿ ವೇಗದ ಕಾರು ನಮ್ಮ ಸೋದರಮಾವನ ಹತ್ತಿರ ಇತ್ತು. ಅದನ್ನು ಸೈಕಲ್ಲಿನವರೂ ಹಿಂದೆ ಹಾಕಿ ಹೋಗುತ್ತಿದ್ದರು. ಈ ಎರಡು ಮಾತೂ ನಿಜ. ಎರಡನೆಯದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲನೆಯದನ್ನು ಕಂಡಿಲ್ಲ, ಮಾವನ ಬಾಯಿಂದ ಕೇಳಿದ್ದೇನೆ. ಆದರೆ ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಅದೂ ಕಂಡ ಹಾಗೇ ಆಗಿಬಿಟ್ಟಿದೆ!

ನಾನು ಕಾಲೇಜಿನಲ್ಲಿ ಇತಿಹಾಸ ಓದಿದವನು. ಸಾಕ್ಷಿಯನ್ನು ಅನುಮಾನಿಸುವುದು ನಮಗೆ ಕಲಿಸಿದ ಮೊದಲ ಪಾಠ. ಆ ಪಾಠವನ್ನು ನನ್ನ ನೆನಪಿನ ಮೇಲೇ ಪ್ರಯೋಗಿಸಿದರೆ ಫಲಿತಾಂಶ ಅಷ್ಟೇನೂ ಗೌರವಾನ್ವಿತವಾಗಿಲ್ಲ. ಡೈರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಮಾವನ ಕಾರಿನ ಇಂಜಿನ್ನು ಮೊದಲ ಸಲ ಗುಡುಗಿದ ದಿನದ ಪುಟ ತೆಗೆದು ನೋಡಿದರೆ, "ಮಾವನ ಮನೆ. ಬಿಸಿಬೇಳೆಬಾತ್. ಚೆನ್ನಾಗಿತ್ತು" ಎಂದಷ್ಟೇ ಇದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇರಬಹುದು. ಮಾವನಾಗಿದ್ದರೆ ಇಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತಿರಲಿಲ್ಲ.

ಮಾವನದು ಪೀಣ್ಯ ಎರಡನೇ ಹಂತದಲ್ಲಿ ಒಂದು ಸಣ್ಣ ಶೆಡ್ಡು. ಕೆಳಗೆ ಎರಡು ಲೇತು, ಒಂದು ಮಿಲ್ಲಿಂಗ್ ಮೆಷಿನ್ನು, ಮೇಲೆ ಮನೆ. ಪಂಪು ತಯಾರಿಸುವವರಿಗೆ ಬುಷ್, ಅಂದರೆ ತಿರುಗುವ ದಂಡದ ಸುತ್ತ ಕೂರುವ ಲೋಹದ ಬಳೆ, ಮಾಡಿಕೊಡುವುದು ಕಸುಬು. ಗಿರಾಕಿ "ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ನಡೆಯುತ್ತೆ" ಎಂದರೆ, ಮಾವ ಆ ಕೂದಲನ್ನೇ ಉದ್ದಕ್ಕೆ ಸೀಳಲು ಕೂರುತ್ತಿದ್ದರು. ಹೀಗಾಗಿ ಅವರ ಬುಷ್‌ಗಳಿಗೆ ಬಹಳ ಒಳ್ಳೆಯ ಹೆಸರಿತ್ತು. ಹೊತ್ತಿಗೆ ಸರಿಯಾಗಿ ತಲುಪಿದ ಬುಷ್‌ಗೆ ಯಾವ ಹೆಸರಿತ್ತೋ ಯಾರಿಗೂ ಗೊತ್ತಿಲ್ಲ, ಏಕೆಂದರೆ ಅಂಥದೊಂದು ಇರಲಿಲ್ಲ.

ಇಂಥ ಮನುಷ್ಯನಿಗೆ ಒಂದು ದಿನ ಗುಜರಿಯಲ್ಲಿ ಒಂದು ಕಾರು ಸಿಕ್ಕಿತು. ಯಾರೋ ಶ್ರೀಮಂತರ ಮಗ ಗೋಡೆಗೆ ಗುದ್ದಿ ಬಿಟ್ಟುಹೋಗಿದ್ದ, ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತ ಸ್ಪೋರ್ಟ್ಸ್ ಕಾರು. ಮುಂದೆ ಇಬ್ಬರು ಕೂರಬಹುದು, ಹಿಂದೆ ಒಂದು ಮೂಟೆ ಅಕ್ಕಿ. ಇಂಜಿನ್ನು ಸತ್ತಿತ್ತು. ಮಾವ ಅದನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದು ಶೆಡ್ಡಿನ ಮೂಲೆಯಲ್ಲಿ ಇಳಿಸಿ, ಮೇಲಿನಿಂದ ಇಣುಕುತ್ತಿದ್ದ ಅತ್ತೆಗೆ ಕೂಗಿ ಹೇಳಿದರಂತೆ: ಇದಕ್ಕೆ ನಾನೇ ಇಂಜಿನ್ ಕಟ್ಟುತ್ತೇನೆ, ಟರ್ಬೊ ಹಾಕುತ್ತೇನೆ, ಮೊದಲು ನಿನ್ನನ್ನೇ ಕೂರಿಸಿಕೊಂಡು ಹೋಗುತ್ತೇನೆ ಎಂದು.

ಇಲ್ಲಿ ನಮ್ಮ ಅತ್ತೆಯ ಬಗ್ಗೆ ಒಂದು ಗುಟ್ಟು ಹೇಳಬೇಕು. ಅವರಿಗೆ ವೇಗದ ಹುಚ್ಚು! ತಮ್ಮ ತಂದೆಯ ಮೋಟರ್‌ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಬೆಳೆದ ಹುಡುಗಿ ಅದು. ಮದುವೆಯಾದ ಮೇಲೆ ಕೂತದ್ದು ನಮ್ಮ ಮಾವನ ಸ್ಕೂಟರಿನ ಹಿಂದೆ. ಆ ಸ್ಕೂಟರನ್ನು ಅದರ ನೆರಳೇ ಹಿಂದೆ ಹಾಕುತ್ತಿತ್ತು. ಒಮ್ಮೆ ಹುಣಸೆಹಣ್ಣು ಬಿಡಿಸುತ್ತಾ ಅತ್ತೆ ನನ್ನ ಹತ್ತಿರ ಹೇಳಿದ್ದರು: "ಒಂದೇ ಒಂದ್ಸಲ ಸೆರಗು ಹಾರೋ ಹಾಗೆ ಹೋಗ್ಬೇಕು ಕಣೋ. ಆಮೇಲೆ ಮನೇಲೇ ಕೂತಿರ್ತೀನಿ."

ಟರ್ಬೊ ಎಂದರೆ ಏನೆಂದು ಮಾವ ನಮಗೆ ಊಟಕ್ಕೆ ಕೂತಾಗ ವಿವರಿಸುತ್ತಿದ್ದರು. ಇಂಜಿನ್ನಿನಿಂದ ಹೊರಗೆ ಹೋಗುವ ಹೊಗೆ ಒಂದು ಪುಟ್ಟ ಫ್ಯಾನನ್ನು ತಿರುಗಿಸುತ್ತದೆ, ಅದು ಇನ್ನೊಂದು ಫ್ಯಾನನ್ನು ತಿರುಗಿಸುತ್ತದೆ, ಆ ಇನ್ನೊಂದು ಇಂಜಿನ್ನಿನ ಒಳಗೆ ಗಾಳಿ ತುರುಕುತ್ತದೆ, ಗಾಳಿ ಹೆಚ್ಚಾದರೆ ಶಕ್ತಿ ಹೆಚ್ಚು.

"ಅಂದ್ರೆ ಬಿಟ್ಟ ಉಸಿರಲ್ಲೇ ಸಂಸಾರ ಮಾಡೋದು. ಗೊತ್ತಾಯ್ತು ಬಿಡಿ, ನಮ್ಮನೇಲೂ ಅದೇ ನಡೀತಿದೆ" ಎಂದರು ಅತ್ತೆ, ಸಾರು ಬಡಿಸುತ್ತಾ.

ಮಾವನಿಗೆ ಅದು ಕೇಳಿಸಲಿಲ್ಲ. ಅವರು ತಮ್ಮ ಅಚ್ಚುಮೆಚ್ಚಿನ ಭಾಗಕ್ಕೆ ಬಂದಿದ್ದರು. "ಆಕ್ಸಿಲರೇಟರ್ ಮೇಲೆ ಕಾಲಿಟ್ಟ ತಕ್ಷಣ ಏನೂ ಆಗಲ್ಲ ಕಣೋ. ಗಾಳಿ ತುಂಬೋಕೆ ಸ್ವಲ್ಪ ಹೊತ್ತು ಬೇಕು. ಕಾಯ್ಬೇಕು. ಆಮೇಲೆ ನೋಡು, ಯಾರೋ ಬೆನ್ನಿಗೆ ಒದ್ದ ಹಾಗೆ ಎಳ್ಕೊಂಡು ಹೋಗುತ್ತೆ!" ಹೀಗೆನ್ನುತ್ತಾ ಕೂತಲ್ಲೇ ಬೆನ್ನು ಹಿಂದಕ್ಕೆ ಬಡಿದು ತೋರಿಸುತ್ತಿದ್ದರು. ಬೆನ್ನಿಗೆ ಒದ್ದ ಹಾಗೆ. ಈ ಮಾತನ್ನು ಅವರು ಎಷ್ಟು ಸಲ ಆಡಿದರೋ. ಈಗ ಅದು ನೆನಪಾದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಇಂಜಿನ್ನು ಕಟ್ಟುವ ಕೆಲಸ ಆರಂಭವಾಯಿತು. ಬೇರಿಂಗನ್ನು ಬಿಗಿಯಾಗಿ ಕೂರಿಸಬೇಕಾದರೆ ಬಿಸಿ ಎಣ್ಣೆಯಲ್ಲಿ ಕಾಯಿಸಿ ಹಿಗ್ಗಿಸುವುದು ಆ ಕಸುಬಿನ ರೂಢಿ. ಶೆಡ್ಡಿನ ಸ್ಟೌ ಕೆಟ್ಟಿತ್ತು. ಅತ್ತೆ ಸಂಡಿಗೆ ಕರಿಯಲೆಂದು ಬಾಣಲೆಯಲ್ಲಿ ಎಣ್ಣೆ ಕಾಯಲಿಟ್ಟು ಸಂಡಿಗೆ ಡಬ್ಬ ತರಲು ಒಳಗೆ ಹೋಗಿದ್ದಾರೆ. ಬಂದು ನೋಡಿದರೆ ಎಣ್ಣೆಯಲ್ಲಿ ಬೇರಿಂಗು, ಪಕ್ಕದಲ್ಲಿ ಜಾಲರಿ ಹಿಡಿದು ನಿಂತ ಮಾವ. ಅತ್ತೆ ಕೂಗಾಡಲಿಲ್ಲ. ಪಕ್ಕದಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಹೊಂಬಣ್ಣ ಬಂದಾಗ ತೆಗೀಬೇಕೋ, ಇನ್ನೂ ಸ್ವಲ್ಪ ಕೆಂಪಗಾಗ್ಬೇಕೋ?" ಎಂದು ಕೇಳಿದರು. ಆ ಸಂಜೆ ನಾವು ತಿಂದ ಸಂಡಿಗೆಗೆ ಲೇತ್ ಮೆಷಿನ್ನಿನ ವಾಸನೆ ಇತ್ತು ಎಂದು ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಬೇರಿಂಗು ಬಿದ್ದ ಎಣ್ಣೆಯನ್ನು ಅತ್ತೆ ಚೆಲ್ಲದೆ ಬಿಟ್ಟಿದ್ದರೇ? ಇರಲಾರದು. ಸಂಡಿಗೆಯ ವಾಸನೆ ಬಹುಶಃ ನಾನೇ ಸೇರಿಸಿದ್ದು.

ಈ ಆಯುಧಪೂಜೆಗೆ ಇಂಜಿನ್ ಸ್ಟಾರ್ಟ್ ಮಾಡುವುದೆಂದು ಪ್ರತಿ ವರ್ಷವೂ ನಿಶ್ಚಯವಾಗುತ್ತಿತ್ತು. ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಸಾಮಾನ್ಯವೇ? ಒಂದೊಂದು ಶೆಡ್ಡಿನ ಮುಂದೆಯೂ ಬಾಳೆಕಂದು, ಒಡೆದ ಬೂದುಗುಂಬಳ, ಮೆಷಿನ್ನುಗಳ ಹಣೆಗೆ ವಿಭೂತಿ. ಮಾವನ ಇಂಜಿನ್ನೂ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಸೇವಂತಿಗೆ ಹಾರ ಹಾಕಿಕೊಂಡು ಮದುಮಗನಂತೆ ಕೂತಿರುತ್ತಿತ್ತು. ಶೆಡ್ಡಿನಲ್ಲಿ ಲೇತು ನಡೆಸುವ ಟರ್ನರು ಬಾಗಲಕೋಟೆ ಕಡೆಯವನು. ಒಂದು ವರ್ಷ ಗಾಡಿಗಳಿಗೆಲ್ಲ ನಿಂಬೆಹಣ್ಣು ಇಡುತ್ತಾ ಬಂದು ಇಂಜಿನ್ನಿನ ಮುಂದೆ ನಿಂತು ಗಂಭೀರವಾಗಿ ಕೇಳಿದ: "ಸಾಹೇಬ್ರ, ಇದಕ್ಕ ಗಾಲೀನ ಇಲ್ಲಲ್ರಿ. ನಿಂಬಿಹಣ್ಣು ಎಲ್ಲಿ ಇಡೂದು?"

"ಇವರ ಕಾಲ ಕೆಳಗೇ ಇಡಪ್ಪಾ, ಇವರಾದ್ರೂ ಮುಂದಕ್ಕೆ ಹೋಗ್ಲಿ" ಎಂದರು ಅತ್ತೆ.

ಒಂದು ಆಯುಧಪೂಜೆಯಂದು ಎಲ್ಲವೂ ತಯಾರಿತ್ತು. ಪೆಟ್ರೋಲ್ ತುಂಬಿಸಿ ಆಗಿತ್ತು. ಅತ್ತೆ ಹೊಸ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದರು. ಮಾವ ಸ್ಟಾರ್ಟರಿನ ಗುಂಡಿಯ ಮೇಲೆ ಬೆರಳಿಟ್ಟರು. ಇಟ್ಟ ಬೆರಳನ್ನು ಹಾಗೇ ತೆಗೆದುಬಿಟ್ಟರು. ಮೂರನೇ ಪಿಸ್ಟನ್ನಿನ ರಿಂಗಿನ ಮೇಲೆ ಯಾಕೋ ಅನುಮಾನ ಬರುತ್ತಿದೆಯಂತೆ. "ಇನ್ನೊಂದ್ಸಲ ಬಿಚ್ಚಿ ನೋಡ್ಬಿಡ್ತೀನಿ ಕಣೇ" ಎಂದರು. ಅತ್ತೆ ಆರತಿಯನ್ನು ಪಕ್ಕದ ಡ್ರಿಲ್ಲಿಂಗ್ ಮೆಷಿನ್ನಿಗೆ ಬೆಳಗಿ ಮೇಲಕ್ಕೆ ಹೋದರು. ಬಿಚ್ಚಿ ನೋಡಿದಾಗ ಮೂರನೇ ಪಿಸ್ಟನ್ ನೆಟ್ಟಗಿತ್ತು. ನಮ್ಮ ಮಾವನ ಪ್ರಕಾರ ಅದು ಅಷ್ಟು ನೆಟ್ಟಗಿರುವುದೇ ಅನುಮಾನಕ್ಕೆ ಕಾರಣ!

ಆ ಕಾಲಕ್ಕೆ ತುಮಕೂರು ರಸ್ತೆಯ ಮೇಲೆ ಉದ್ದನೆಯ ಫ್ಲೈಓವರ್ ಕಟ್ಟುತ್ತಿದ್ದರು. ಕೆಳಗೆ ಧೂಳು, ಗುಂಡಿ, ಸಾಲುಗಟ್ಟಿ ನಿಂತ ಲಾರಿಗಳು. ಆ ಧೂಳಿನಲ್ಲಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಗಂಡಹೆಂಡತಿ ಒಪ್ಪಂದ ಮಾಡಿಕೊಂಡರು: ಫ್ಲೈಓವರ್ ಮುಗಿಯುವುದರೊಳಗೆ ಇಂಜಿನ್ನೂ ಮುಗಿಯಬೇಕು, ಅದರ ಮೇಲೇ ಸೆರಗು ಹಾರಬೇಕು. ಫ್ಲೈಓವರ್ ಗೆದ್ದಿತು. ನಮ್ಮ ದೇಶದಲ್ಲಿ ಸರ್ಕಾರಿ ಕಾಮಗಾರಿಯ ಎದುರು ಪಂದ್ಯ ಕಟ್ಟಿ ಸೋತ ಮನುಷ್ಯ ಇನ್ನೊಬ್ಬ ಇದ್ದರೆ ದಯವಿಟ್ಟು ತಿಳಿಸಿ, ಮಾವನಿಗೆ ಪರಿಚಯ ಮಾಡಿಸುತ್ತೇನೆ.

ಕೊನೆಗೂ ಇಂಜಿನ್ ಕಾರಿನೊಳಗೆ ಕೂತು ಗುಡುಗಿತು. ಬಿಸಿಬೇಳೆಬಾತಿನ ದಿನ ಅದೇ. ಶೆಡ್ಡಿನ ತಗಡೆಲ್ಲ ಅದುರಿ, ಮೇಲೆ ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಅತ್ತೆ ಸೌಟು ಹಿಡಿದುಕೊಂಡೇ ಇಳಿದು ಬಂದು ಕಾರಿನ ಬಾಗಿಲು ತೆಗೆದರು. ಆಗ ಮಾವ ಇನ್ನೊಂದು ವಿಷಯ ತಿಳಿಸಿದರು. ಹೊಸ ಇಂಜಿನ್ನನ್ನು ಮೊದಮೊದಲು ಮೆಲ್ಲಗೆ ಓಡಿಸಬೇಕು, ಒಳಗಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು, ಅದಕ್ಕೆ ರನ್ನಿಂಗ್-ಇನ್ ಎನ್ನುತ್ತಾರೆ, ಸಾವಿರ ಕಿಲೋಮೀಟರ್ ಓಡುವವರೆಗೆ ವೇಗ ಮೂವತ್ತು ದಾಟಬಾರದು.

ಮೂವತ್ತು ದಾಟದ ಸ್ಪೋರ್ಟ್ಸ್ ಕಾರು ನೋಡಿದ್ದೀರಾ? ಹೊಟ್ಟೆಯೊಳಗೆ ಹುಲಿ ಗುರುಗುಟ್ಟುತ್ತಿರುತ್ತದೆ, ನಡಿಗೆ ಬಸವನ ಹುಳುವಿನದು. ಜಾಲಹಳ್ಳಿ ಕ್ರಾಸಿನಲ್ಲಿ ಒಬ್ಬ ಆಟೋದವನು ಪಕ್ಕಕ್ಕೆ ಬಂದು ಬಹಳ ಮರ್ಯಾದೆಯಿಂದ, "ಅಂಕಲ್, ತಳ್ಬೇಕಾ?" ಎಂದು ಕೇಳಿದ್ದ. ಇಷ್ಟಾದರೂ ಸಾವಿರ ಕಿಲೋಮೀಟರ್ ಎಂದರೆ ಎಷ್ಟು ದಿನ? ಮುಗಿಯಬೇಕಿತ್ತು. ಆದರೆ ಪ್ರತಿ ಸಲ ಮುಗಿಯುವ ಹೊತ್ತಿಗೆ ಮಾವನಿಗೆ ಎಲ್ಲೋ ಏನೋ ಸಣ್ಣ ಸದ್ದು ಕೇಳಿಸುತ್ತಿತ್ತು. ಬಿಚ್ಚಿ ನೋಡುತ್ತಿದ್ದರು. ಬಿಚ್ಚಿದ ಮೇಲೆ ಲೆಕ್ಕ ಮತ್ತೆ ಸೊನ್ನೆಯಿಂದ.

"ಇವರ ಜೊತೆ ನನ್ನ ರನ್ನಿಂಗ್-ಇನ್ನೇ ಇನ್ನೂ ಮುಗ್ದಿಲ್ಲ, ಪಾಪ ಕಾರಿಂದೇನು" ಎನ್ನುತ್ತಿದ್ದರು ಅತ್ತೆ. ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರೆಂದೇ ನನ್ನ ನೆನಪು. ಆದರೆ ಆ ನಗುವನ್ನು ಎದುರಿಗೆ ತಂದುಕೊಳ್ಳಲು ನೋಡಿದರೆ, ನನಗೆ ಕಾಣುವುದು ಸೌಟು ತಿರುವುತ್ತಿರುವ ಅವರ ಬೆನ್ನು ಮಾತ್ರ.

ಆ ಬೆನ್ನೇ ಕೈಕೊಟ್ಟಿತು. ಬಿದ್ದದ್ದಿಲ್ಲ, ಏನಿಲ್ಲ. ಬಕೆಟ್ ಎತ್ತಲು ಬಗ್ಗಿದವರು ಎದ್ದು ನಿಲ್ಲಲಾಗದೆ ಅಲ್ಲೇ ಕೂತರು. ಬೆನ್ನುಮೂಳೆ ಸವೆದು ಒಂದು ಕಡೆ ಬಿರುಕು ಬಿಟ್ಟಿದೆ ಎಂದರು ಡಾಕ್ಟರು. ಬೆಲ್ಟ್ ಕಟ್ಟಿ ಮಲಗಿಸಿದರು. ತಿಂಗಳುಗಳು ಕಳೆದು ಎದ್ದು ಓಡಾಡುವಂತಾದಾಗಲೂ ಒಂದು ಮಾತು ಒತ್ತಿ ಹೇಳಿದರು: ಇನ್ನು ಮುಂದೆ ಬೆನ್ನಿಗೆ ಜರ್ಕ್ ಆಗಲೇಬಾರದು, ಹಂಪ್ ಇರುವ ರಸ್ತೆಗೆ ಹೋಗಲೇಬೇಡಿ. ಪೀಣ್ಯದಲ್ಲಿ ಹಂಪ್ ಇಲ್ಲದ ಜಾಗವೆಂದರೆ ಗುಂಡಿ ಇರುವ ಜಾಗ ಎಂದು ನಾನು ತಮಾಷೆ ಮಾಡಲು ಹೋದೆ. ಯಾರೂ ನಗಲಿಲ್ಲ. ಮಾವ ಡಾಕ್ಟರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಬೆನ್ನುಮೂಳೆಯನ್ನೇ ನೋಡುತ್ತಿದ್ದರು. ಒಂದರ ಮೇಲೊಂದು ಕೂರಿಸಿದ ಬುಷ್‌ಗಳ ಹಾಗೆ ಕಾಣುತ್ತಿತ್ತು ಅದು.

ಹೊರಗೆ ಬಂದ ಮೇಲೆ, ಮಾವ ನನ್ನ ಕಡೆ ನೋಡದೆ ಹೇಳಿದರು: "ಆ ಆಯುಧಪೂಜೆ ದಿನಾನೇ ಸ್ಟಾರ್ಟ್ ಮಾಡ್ಬಿಡ್ಬೇಕಿತ್ತು ಕಣೋ. ಮೂರನೇ ಪಿಸ್ಟನ್ನು ಸರಿಯಾಗೇ ಇತ್ತು."

ಆಮೇಲೆ ಮಾವ ಮಾಡಿದ್ದನ್ನು ಕೇಳಿದರೆ ಕಾರಿನ ಹುಚ್ಚಿರುವ ಹುಡುಗರು ತಲೆ ತಲೆ ಚಚ್ಚಿಕೊಂಡಾರು. ವರ್ಷಗಟ್ಟಲೆ ಕೂತು ಹೊಂದಿಸಿದ ಟರ್ಬೊವನ್ನು ಅವರೇ ಬಿಚ್ಚಿ, ಒರೆಸಿ, ಬಟ್ಟೆ ಸುತ್ತಿ ಕಪಾಟಿನ ಮೇಲಿಟ್ಟರು. ಒದೆಯುವ ಇಂಜಿನ್ನನ್ನು ಒದೆಯದಂತೆ ಪಳಗಿಸಲು ಕೂತರು. ಗಟ್ಟಿ ಸ್ಪ್ರಿಂಗು ಹೋಗಿ ಮೆತ್ತನೆಯದು ಬಂತು. ಸೀಟಿಗೆ ಹೊಸ ಸ್ಪಂಜು ಬಂತು. ಅತ್ತೆಯ ಸ್ಟೀಲ್ ಲೋಟದಲ್ಲಿ ಕಂಠದವರೆಗೆ ನೀರು ತುಂಬಿ ಡ್ಯಾಶ್‌ಬೋರ್ಡಿನ ಮೇಲಿಟ್ಟುಕೊಂಡು ಬೀದಿ ಬೀದಿ ಸುತ್ತುವುದು, ಒಂದು ಹನಿ ಚೆಲ್ಲಿದರೆ ವಾಪಸು ಬಂದು ಬಿಚ್ಚುವುದು. ಇಡೀ ಬೀದಿ ನೋಡಿ ನಕ್ಕಿತು. ಕೂದಲು ಸೀಳುವ ಮನುಷ್ಯ ಈ ಸಲ ಮಾತ್ರ ಹೇಳಿದ ಹೊತ್ತಿಗೆ ಕೆಲಸ ಮುಗಿಸಿದರು.

ಒಂದು ಭಾನುವಾರ ಬೆಳಿಗ್ಗೆ, ರಸ್ತೆ ಖಾಲಿ ಇರುವಾಗ ಹೊರಟೆವು. ಮುಂದೆ ಅವರಿಬ್ಬರು, ಅಕ್ಕಿ ಮೂಟೆಯ ಜಾಗದಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡ ನಾನು. ಅತ್ತೆಯ ಬೆನ್ನಿಗೆ ದಿಂಬು, ಡ್ಯಾಶ್‌ಬೋರ್ಡಿನ ಮೇಲೆ ನೀರಿನ ಲೋಟ. ಫ್ಲೈಓವರ್ ಹತ್ತಿದ ಮೇಲೆ ಅತ್ತೆ ಕಿಟಕಿಯ ಗಾಜು ಇಳಿಸಿ ಕಣ್ಣು ಮುಚ್ಚಿಕೊಂಡರು.

"ರೀ, ಎಷ್ಟು ಸ್ಪೀಡಲ್ಲಿದೀವಿ?"

ಹಿಂದಿನಿಂದ ನನಗೆ ಸ್ಪೀಡಿನ ಮುಳ್ಳು ಕಾಣುತ್ತಿತ್ತು. ಮೂವತ್ತು. ಹೆಚ್ಚೆಂದರೆ ಮೂವತ್ತೆರಡು. ಮಾವ ಮುಳ್ಳನ್ನೊಮ್ಮೆ ನೋಡಿದರು. ಆಮೇಲೆ, "ನೂರಿಪ್ಪತ್ತು" ಎಂದರು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಎಂದೂ ಸಹಿಸದ ಮನುಷ್ಯ!

ಅಷ್ಟರಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಒಂದು ಹಳೇ ಟಿವಿಎಸ್ಸು ನಮ್ಮನ್ನು ಹಿಂದೆ ಹಾಕಿ ಗಲಗಲ ಸದ್ದು ಮಾಡುತ್ತಾ ಹೋಯಿತು. ಅತ್ತೆಗೆ ಅದು ಕೇಳಿಸದೆ ಇರಲು ಸಾಧ್ಯವೇ ಇಲ್ಲ. ಆದರೂ ಅವರು ಕಣ್ಣು ತೆರೆಯಲಿಲ್ಲ. ಅವರ ಸೆರಗಿನ ತುದಿ ಕಿಟಕಿಯ ಹೊರಗೆ ಹಾರುತ್ತಿತ್ತು. ಆ ವೇಗಕ್ಕೆ ಅದು ತಾನಾಗಿ ಹಾರಿತೋ, ಅತ್ತೆಯೇ ಎರಡು ಬೆರಳಲ್ಲಿ ಹಿಡಿದು ಗಾಳಿಗೆ ಕೊಟ್ಟಿದ್ದರೋ, ಈಗ ಎಷ್ಟು ಯೋಚಿಸಿದರೂ ಖಚಿತವಾಗಿ ಹೇಳಲಾರೆ.

"ಸಾಕು ರೀ. ಸ್ವಲ್ಪ ನಿಧಾನ ಮಾಡಿ" ಎಂದರು ಅತ್ತೆ. "ಭಯ ಆಗುತ್ತೆ."

ಮಾವ ಆಗಲಿ ಎಂದು ತಲೆಯಾಡಿಸಿ, ಬ್ರೇಕಿನ ಮೇಲೆ ಮೆಲ್ಲಗೆ ಕಾಲಿಟ್ಟರು. ಮುಳ್ಳು ಮೂವತ್ತರಿಂದ ಇಪ್ಪತ್ತಕ್ಕೆ ಇಳಿಯಿತು. ಲೋಟದ ನೀರು ಅಲುಗಲಿಲ್ಲ.