ಈ ವಯಸ್ಸಿನ್ಯಾಗ ಯಾಕ ಅಂದವರಿಗೆ

ವಯಸ್ಸಾದವರ ಮೈಯಾಗ ಮಣಕಾಲು ಬಿಟ್ರ ಬ್ಯಾರೆ ಏನೂ ಇಲ್ಲ ಅಂತ ತಿಳಕೊಂಡವರು ನಮ್ಮ ದವಾಖಾನ್ಯಾಗ ಬಂದು ಕುಂಡ್ರಬೇಕು. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಹಳ್ಳ್ಯಾಗ ನರ್ಸ್ ಕೆಲಸ ಮಾಡಕೋತ ನನ್ನ ತಲಿ ಬೆಳ್ಳಗಾತು, ಇಂಥಾ ಪ್ರಸಂಗ ಮಾತ್ರ ನಿಂತಿಲ್ಲ. ನಗು ಬರತೈತಿ ಖರೆ. ಆದ್ರ ನಾ ನಕ್ಕಿದ್ದು ಅವರನ್ನ ನೋಡಿ ಅಲ್ಲ, ಅವರಿಗೆ ನಾಚಿಕಿ ಕಲಸಾಕ ಹೋದವರನ್ನ ನೋಡಿ.

ಸಕ್ಕರಿ ಬ್ಯಾನಿ

ಅಡರಕಟ್ಟಿಯಿಂದ ಒಬ್ಬ ಅಜ್ಜ ಹೆಂಡತೀನ ಕರಕೊಂಡು ಬಂದಿದ್ದ. ನಮ್ಮ ಡಾಕ್ಟರ್ ಹೊಸದಾಗಿ ಮದುವಿ ಆದವರು. ಏನಾಗೇತಿ ಅಂತ ಕೇಳಿದ್ರ ಅಜ್ಜ "ಮಣಕಾಲ್ರೀ" ಅಂದ. ಒತ್ತಿ ನೋಡಿದ್ರ ನೋವಿಲ್ಲ.

ಅಜ್ಜಿ ತಡೀಲಿಲ್ಲ. "ಮಣಕಾಲಲ್ರೀ ಸಾಹೇಬ್ರ. ಸಕ್ಕರಿ ಬ್ಯಾನಿ ಬಂದಾಗಿಂದ ನನ್ನ ಜೋಡಿ ಮಲಗಿದ್ರ ಇವರಿಗೆ ಏನೂ ಆಗವಲ್ದು. ಹೇಳಾಕ ನಾಚತಾರ."

ಡಾಕ್ಟರ್ ಮಾರಿ ಕೆಂಪಗಾತು. "ಈ ವಯಸ್ಸಿನ್ಯಾಗ ಅದೆಲ್ಲಾ ಯಾಕ ಬೇಕಜ್ಜಿ?"

"ನಿಮಗ್ಯಾಕ ಬೇಕ್ರಿ?"

ಡಾಕ್ಟರ್ ರಕ್ತ ತಪಾಸಣಿ ಮಾಡಿಸಿ, ಗುಳಿಗಿ ಬದಲಿಸಿ, ಸಕ್ಕರಿ ಹತೋಟ್ಯಾಗ ಇಡೂದು ಹೆಂಗ ಅಂತ ಹೇಳಿ ಕಳಿಸಿದ್ರು. ಮುಂದಿನ ಸಲ ಅಜ್ಜ ಮೀಸಿ ತಿರುವಕೋತ ಬಂದ. ಅಜ್ಜಿ ಡಾಕ್ಟರ್‌ಗೆ ಡಬ್ಬಿ ತುಂಬ ಶೇಂಗಾ ಹೋಳಿಗಿ ತಂದಿದ್ದಳು.

ಲಾರಿ

ದವಾಖಾನಿ ಬಾಗಿಲ ಹತ್ರ ನಿರೋಧ್ ಕಾಂಡೋಮಿನ ಡಬ್ಬಿ ಇಟ್ಟಿರ್ತೀವಿ. ಬೆಳ್ಳಟ್ಟಿಯ ಒಬ್ಬಾಕಿ, ಮೊಮ್ಮಗಳ ಮದುವಿ ಮಾಡಿದಾಕಿ, ಎಲ್ಲಾರ ಎದುರಿಗೇ ಒಂದ್ ಹಿಡಿ ತಗೊಂಡು ಉಡ್ಯಾಗ ಹಾಕ್ಕೊಂಡಳು.

"ಯವ್ವಾ, ನಿನಗಿನ್ನ ಬಸಿರಾಗೂ ಹೆದರಿಕಿ ಎಲ್ಲೈತಿ?" ಅಂದೆ.

"ಬಸಿರಿಗಲ್ರೀ ಅಕ್ಕಾರ, ರೋಗಕ್ಕ. ನನ್ನ ಗಂಡ ಹರೇದಾಗಿಂದ ಲಾರಿ ಹೊಡಕೊಂಡು ದೇಶ ತಿರಗ್ಯಾನ. ಈಗ ಮನ್ಯಾಗ ಬಂದು ಕುಂತಾನ. ರಕ್ತ ತಪಾಸಣಿ ಮಾಡಿಸ್ಕೊಂಡು ಬಾ, ಅಲ್ಲೀತನಕ ಇದನ್ನ ಹಾಕ್ಕೋ ಅಂದೆ. 'ನನ್ನ ಮ್ಯಾಲೆ ನಂಬಿಕಿ ಇಲ್ಲೇನು?' ಅಂದ."

"ನೀ ಏನಂದಿ?"

"ನಿನ್ನ ಮ್ಯಾಲೆ ಐತಿ, ಲಾರಿ ಮ್ಯಾಲಿಲ್ಲ ಅಂದೆ."

ಮೆಣಸಿನಕಾಯಿ ಖೋಲಿ

ಮುಂಡರಗಿ ಹತ್ರ ಒಂದು ಮನಿಗೆ ಬಿಪಿ ನೋಡಾಕ ಹೋದ್ರ ಅಜ್ಜ, ಅಜ್ಜಿ ಇಬ್ಬರೂ ಒಂದ ಸವನ ಸೀನಾಕತ್ತಿದ್ರು. ಕಣ್ಣು ಕೆಂಪ್ ಕೆಂಪ್.

"ಏನಾತ್ರೀ?"

"ಮೆಣಸಿನಕಾಯಿ ಚೀಲ ಇಟ್ಟ ಖೋಲ್ಯಾಗ ಮಲಗಿದ್ವಿ" ಅಂದಳು ಅಜ್ಜಿ. "ನನ್ನನ್ನ ಮೊಮ್ಮಕ್ಕಳ ಜೋಡಿ ಒಳಗ ಮಲಗಸ್ತಾರ, ಇವರನ್ನ ಪಡಸಾಲ್ಯಾಗ. ಮಂದಿ ಇರಲಾರದ ಖೋಲಿ ಅದೊಂದ."

ಮಗ ತಲಿ ತಗ್ಗಿಸಿದ. "ಮೆಲ್ಲಕ ಮಾತಾಡಬೇ ಯವ್ವಾ. ಓಣಿ ಮಂದಿ ಏನಂದಾರು?"

ಅಜ್ಜ ಸೀನು ತಡಕೊಂಡು ಎದ್ದು ನಿಂತ. "ನೀ ಹುಟ್ಟಿದಾಗ ಇದೇ ಓಣಿ ಮಂದಿ ಪೇಢೆ ತಿಂದು ಹೋದ್ರಲೇ! ಅವತ್ತ ಯಾರೂ ಏನೂ ಅನ್ನಲಿಲ್ಲ!"

ಮಗ ಖೋಲ್ಯಾಗಿನ ಮೆಣಸಿನಕಾಯಿ ಚೀಲ ಹೊತ್ತು ಹೊರಗ ನಡದ. ಅಜ್ಜಿ ಓಣಿಗೆಲ್ಲಾ ಕೇಳೂಹಂಗ ಕೂಗಿದಳು:

"ಬರೂ ಮುಂದ ಒಂದ್ ಚಿಲಕಾ ತಗೊಂಬಾರೋ! ಒಳಗಿಂದ ಹಾಕೂದು!"