ನಲವತ್ತು ಸಾವಿರ ಮನೆಗೆ ಒಂದೇ ನಂಬರು

ಇಪ್ಪತ್ತೈದು ಅಕ್ಷರಗಳ ಆ ನಂಬರನ್ನು ಗುಮಾಸ್ತ ಕೊಟ್ಟದ್ದು ಒಬ್ಬರೇ ಒಬ್ಬರಿಗೆ. ಎರಡು ವರ್ಷದ ಹಿಂದೆ, ಮೇಲಿನ ಮನೆಯ ನಿವೃತ್ತ ಮೇಷ್ಟ್ರಿಗೆ. ಅದೂ ಇಷ್ಟಪಟ್ಟಲ್ಲ, ಇಲ್ಲ ಅನ್ನಲು ಬಾಯಿ ಬರದೆ. ಆತ್ಮಕತೆ ಬರೆಯುತ್ತೇನೆಂದು ಮೇಷ್ಟ್ರು ಹಳೆಯ ಕಂಪ್ಯೂಟರೊಂದನ್ನು ತಂದಿದ್ದರು. ಅದರೊಳಗೆ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಅದು ಕೀ ನಂಬರು ಕೊಡು, ಇಲ್ಲವಾದರೆ ಚಾಲೂ ಆಗುವುದಿಲ್ಲ ಎಂದು ಹಟ ಹಿಡಿದಿತ್ತು. ಗುಮಾಸ್ತನ ಕಚೇರಿಯಲ್ಲಿ ಹನ್ನೊಂದು ಕಂಪ್ಯೂಟರಿಗೂ ಸೇರಿಸಿ ಆ ಸಿಸ್ಟಮ್ ತಯಾರಿಸುವ ಕಂಪನಿಯಿಂದ ಕೊಂಡಿದ್ದ ಒಂದು ಕೀ ಇತ್ತು. ಅದನ್ನೇ ಬಸ್ ಪಾಸಿನ ಹಿಂದೆ ಬರೆದುಕೊಂಡು ಬಂದು ಕೊಟ್ಟಿದ್ದ.

"ಯಾರಿಗೂ ಹೇಳಬೇಡಿ ಮೇಷ್ಟ್ರೇ."

"ಛೆ ಛೆ, ನನ್ನ ಬಾಯಿಂದ ಬರುತ್ತೇನಪ್ಪಾ!"

ಮೇಷ್ಟ್ರು ಮಾತಿಗೆ ತಪ್ಪುವವರಲ್ಲ. ಬಾಯಿಂದ ಹೇಳಲಿಲ್ಲ. ಚೀಟಿಯಲ್ಲಿ ಬರೆದು ಅಳಿಯನಿಗೆ ಕೊಟ್ಟರು.

ಇವತ್ತು ಬೆಳಿಗ್ಗೆ ಗುಮಾಸ್ತ ಮುಖ ತೊಳೆಯುವ ಮೊದಲೇ ಬಾಗಿಲು ದಬದಬ ಬಡಿದ ಸದ್ದಾಯಿತು. ತೆರೆದರೆ ಮೇಷ್ಟ್ರು. ಅವರ ಹಿಂದೆ ಮೆಟ್ಟಿಲ ಮೇಲೆ ಮನೆ ಓನರಮ್ಮ.

"ಏನಪ್ಪಾ ಇದು? ನನ್ನ ಕಂಪ್ಯೂಟರ್ ಕಪ್ಪಗಾಗಿ ಕೂತಿದೆ. ಕದ್ದ ಮಾಲು ಬಳಸ್ತಿದೀರಿ ಅಂತ ಬರ್ತಿದೆ. ಈ ವಯಸ್ಸಲ್ಲಿ ನನ್ನ ಕಳ್ಳ ಅಂತಿದೆ! ಅದೂ ನಾನು ಪ್ರಾಮಾಣಿಕತೆ ಅನ್ನೋ ಅಧ್ಯಾಯದಲ್ಲಿದ್ದೆ."

"ನನ್ನ ತಮ್ಮನ ಅಂಗಡೀಲೂ ಹಾಗೇ ಆಗಿದೆಯಂತೆ ಕಣ್ರೀ," ಎಂದರು ಓನರಮ್ಮ.

"ನಿಮ್ಮ ತಮ್ಮನಿಗೆ ಆ ನಂಬರ್ ಯಾರು ಕೊಟ್ರು?" ಎಂದ ಗುಮಾಸ್ತ.

"ಇನ್ಯಾರು, ಮೇಷ್ಟ್ರ ಅಳಿಯ. ನನ್ನ ತಮ್ಮಂದು ಧಾರಾಳ ಕೈ. ರಿಪೇರಿಗೆ ಬಂದ ಕಂಪ್ಯೂಟರಿಗೆಲ್ಲಾ ಅದನ್ನೇ ಹಾಕಿ ಕಳಿಸ್ತಾನೆ."

ಗುಮಾಸ್ತ ಮುಖಕ್ಕೆ ನೀರೂ ಹಾಕದೆ ಅಂಗಿ ಹುಡುಕತೊಡಗಿದ. ಮೇಷ್ಟ್ರ ಆತ್ಮಕತೆ ನಿಂತರೆ ನಿಲ್ಲಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಕಚೇರಿಯ ಗತಿ? ಅದೂ ಇವತ್ತೇ?

ಇವತ್ತು ಅವನ ವರ್ಗಾವಣೆ ಆದೇಶಕ್ಕೆ ಸಾಹೇಬರ ಸಹಿ ಬೀಳಬೇಕಿತ್ತು. ಹೆಂಡತಿ ನರ್ಸು. ಮೂರು ವರ್ಷದಿಂದ ಮಗಳನ್ನು ಕಟ್ಟಿಕೊಂಡು ಗಡಿಯಾಚೆ ಅನ್ನುವಷ್ಟು ದೂರದ ಒಂದು ಊರಿನ ಆಸ್ಪತ್ರೆಯಲ್ಲಿದ್ದಳು. ಅಲ್ಲಿ ಅವನ ಇಲಾಖೆಯದೂ ಒಂದು ಶಾಖೆಯಿತ್ತು. ನೀರಿಲ್ಲ, ಕರೆಂಟಿಲ್ಲ, ಮೇಜಿಗೆ ನಾಲ್ಕನೇ ಕಾಲಿಲ್ಲ. ಮೇಲಧಿಕಾರಿಗಳ ಕಣ್ಣು ಕೆಂಪಾದಾಗ ನೌಕರರನ್ನು ಎತ್ತಿ ಒಗೆಯುತ್ತಿದ್ದದ್ದು ಅಲ್ಲಿಗೇ. ತಾನಾಗಿ ಹೋಗುತ್ತೇನೆಂದು ಅರ್ಜಿ ಹಾಕಿದವನು ಇವನೊಬ್ಬನೇ. ಇವನಿಗೆ ತಲೆ ಸರಿಯಿದೆಯೇ ಎಂದು ಯೋಚಿಸುವುದರಲ್ಲೇ ಇಲಾಖೆ ಮೂರು ವರ್ಷ ಕಳೆದಿತ್ತು. ಸಂಜೆ ಐದರೊಳಗೆ ಆದೇಶ ಮುಖ್ಯ ಕಚೇರಿ ತಲುಪದಿದ್ದರೆ ಮತ್ತೆ ಮುಂದಿನ ವರ್ಷವೇ. ಹದಿನೈದು ದಿನಕ್ಕೊಮ್ಮೆ ಅವನು ಹೋದಾಗ ಮಗಳು ಅರ್ಧ ದಿನ ಅಮ್ಮನ ಬೆನ್ನ ಹಿಂದೆ ನಿಂತು ಇವನನ್ನು ನೋಡುತ್ತಿದ್ದಳು. ನಾಚಿಕೆ ಬಿಟ್ಟು ತೊಡೆ ಹತ್ತುವಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತಿತ್ತು. ಅದೊಂದನ್ನು ಅವನಿಗೆ ಇನ್ನು ಸಹಿಸಲಾಗುತ್ತಿರಲಿಲ್ಲ.

ಜನನ ಮರಣ ನೋಂದಣಿ ಕಚೇರಿಯ ಬಾಗಿಲಲ್ಲಿ ಆಗಲೇ ಜನ ಸೇರಿದ್ದರು. ಒಳಗೆ ಹನ್ನೊಂದೂ ಪರದೆಗಳು ಕಪ್ಪಗಿದ್ದವು.

"ಬಾರಪ್ಪಾ ಬಾ," ಎಂದಳು ಟೈಪಿಸ್ಟ್ ಅಕ್ಕ. "ಇವತ್ತು ಈ ಊರಲ್ಲಿ ಯಾರೂ ಹುಟ್ಟೋ ಹಾಗಿಲ್ಲ, ಯಾರೂ ಸಾಯೋ ಹಾಗಿಲ್ಲ."

ಕಿಟಕಿಯಾಚೆಯಿಂದ ಒಬ್ಬ ಕೂಗಿದ, "ರೀ, ನಮ್ಮಪ್ಪ ಹೋಗಿ ಇಪ್ಪತ್ತು ದಿನ ಆಯ್ತು. ನಿಮ್ಮ ಕಂಪ್ಯೂಟರ್ ಇನ್ನೂ ಒಪ್ಕೊಳ್ತಿಲ್ಲವಲ್ರೀ!"

ಸಾಹೇಬರು ಅಡ್ಡಾಡುತ್ತಿದ್ದರು. "ಏನಾದ್ರೂ ಮಾಡ್ರೀ. ನಿಮಗೆ ಇದೆಲ್ಲಾ ಗೊತ್ತಲ್ಲ. ಕಂಪ್ಯೂಟರ್ ಎದ್ದರೆ ನಿಮ್ಮ ಆದೇಶ, ಇಲ್ಲಾಂದ್ರೆ ಇಲ್ಲ."

ಗುಮಾಸ್ತ ಕಂಪನಿಗೆ ಫೋನು ಹಚ್ಚಿದ. ಒಂದೂವರೆ ಗಂಟೆ ಕಿವಿಯಲ್ಲಿ ಒಂದೇ ವಾದ್ಯ ಮೊಳಗಿತು. ಕೊನೆಗೆ ಒಂದು ಹುಡುಗಿಯ ದನಿ.

"ಸರ್, ಹನ್ನೊಂದು ಕಂಪ್ಯೂಟರಿಗೆ ಅಂತ ಕೊಟ್ಟ ಕೀ ನಲವತ್ತು ಸಾವಿರ ಕಡೆ ಓಡ್ತಿದೆ. ಅದಕ್ಕೇ ಕಪ್ಪುಪಟ್ಟಿಗೆ ಹಾಕಿದೀವಿ. ಹೊರಗೆ ಕೊಟ್ಟೋರು ಯಾರು ಅಂತ ನಿಮಗೇನಾದ್ರೂ ಗೊತ್ತಾ ಸರ್?"

"ಗೊತ್ತಿಲ್ಲಮ್ಮ," ಎಂದ ಗುಮಾಸ್ತ, ಗೋಡೆಯ ಕಡೆ ತಿರುಗಿಕೊಂಡು.

ಸಾಹೇಬರ ಸಹಿ ಇರುವ ಪತ್ರವನ್ನು ಇಮೇಲಿನಲ್ಲಿ ಕಳಿಸಿದರೆ ಹೊಸ ಕೀ ಕೊಡುತ್ತೇವೆ ಎಂದಳು ಹುಡುಗಿ. ಟೈಪಿಸ್ಟ್ ಅಕ್ಕ ಕೈಯಲ್ಲೇ ಪತ್ರ ಬರೆದಳು. ಗುಮಾಸ್ತ ಅದನ್ನು ಹಿಡಿದುಕೊಂಡು, ಕಪ್ಪಾಗದ ಒಂದು ಕಂಪ್ಯೂಟರನ್ನು ಹುಡುಕುತ್ತಾ ಬೀದಿಗೆ ಬಿದ್ದ. ಎದುರಿನ ಜೆರಾಕ್ಸ್ ಅಂಗಡಿಯವ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಫೋಟೋ ಸ್ಟುಡಿಯೋದವನು ಅರ್ಧ ತಿದ್ದಿದ ಮದುಮಗಳನ್ನು ಕಳೆದುಕೊಂಡು ಗೋಳಾಡುತ್ತಿದ್ದ. ಹಲ್ಲಿನ ಡಾಕ್ಟರಿಗೆ ಕಿತ್ತದ್ದು ಯಾವ ಹಲ್ಲು, ಕೀಳಬೇಕಾದ್ದು ಯಾವುದು ಎಂಬ ಲೆಕ್ಕ ತಪ್ಪಿತ್ತು. "ಯಾವ ಮನೆಹಾಳ ಮಾಡಿದ ಕೆಲಸವೋ!" ಎಂದು ಅವರು ಶಪಿಸಿದಾಗ ಗುಮಾಸ್ತ, "ಹೌದು ಡಾಕ್ಟ್ರೇ, ಅವನ ಕೈ ಮುರಿದು ಹೋಗಲಿ," ಎಂದು ದನಿಗೂಡಿಸಿದ. ತನ್ನ ಕೈ ಆಗಲೇ ನೋಯುತ್ತಿರುವಂತೆ ಅನ್ನಿಸಿತು.

ಇಡೀ ಬೀದಿಯಲ್ಲಿ ತನ್ನ ಬಸ್ ಪಾಸು ಮುಟ್ಟದ ಮನೆಯೊಂದೂ ಇರಲಿಲ್ಲ. ಕೊನೆಗೆ ಪತ್ರ ಹೋದದ್ದು ಅಂಚೆ ಕಚೇರಿಯ ಮೂಲೆಯಲ್ಲಿದ್ದ ಹಳೆಯ ಫ್ಯಾಕ್ಸ್ ಯಂತ್ರದಿಂದ. ಕಂಪನಿಯ ಹುಡುಗಿ ಗೊಣಗುತ್ತಲೇ ಒಪ್ಪಿದಳು. ನಡುವೆ ಮೇಷ್ಟ್ರ ಫೋನು ನಾಲ್ಕು ಸಲ. "ಹೊಸ ನಂಬರ್ ಸಿಕ್ತೇನಪ್ಪಾ? ಈ ಸಲ ನಿಜವಾಗ್ಲೂ ಯಾರಿಗೂ ಹೇಳಲ್ಲ."

ಮೂರೂವರೆಗೆ ಹೊಸ ಕೀ ಬಂತು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲದ ಗುಮಾಸ್ತ ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು ಇಪ್ಪತ್ತೈದು ಅಕ್ಷರ ಕುಟ್ಟಿದ. ಹನ್ನೊಂದೂ ಎದ್ದವು. ಕಿಟಕಿಯಾಚೆಯವನ ಅಪ್ಪ ಕೊನೆಗೂ ಕ್ರಮಬದ್ಧವಾಗಿ ತೀರಿಕೊಂಡರು. ನಾಲ್ಕೂ ಇಪ್ಪತ್ತಕ್ಕೆ ಗುಮಾಸ್ತ ತನ್ನ ಆದೇಶದ ಹಾಳೆ ಹಿಡಿದು ಸಾಹೇಬರ ಕೋಣೆಗೆ ಹೋದ.

ಸಾಹೇಬರು ಪೆನ್ನು ತೆಗೆದರು. ಹಾಳೆ ನೋಡಿದರು. ಅವನನ್ನು ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು.

"ಒಂದೇ ದಿನದಲ್ಲಿ ಇಡೀ ಕಚೇರಿ ಎಬ್ಬಿಸಿಬಿಟ್ರಿ. ಇಂಥೋರನ್ನ ಆ ಕೊಂಪೆಗೆ ಕಳಿಸಿದ್ರೆ ನನಗಿಂತ ದಡ್ಡ ಇರ್ತಾನೇನ್ರೀ? ನಾಳೆ ಮತ್ತೆ ಕಪ್ಪಾದ್ರೆ ನಾನು ಯಾರ ಮುಖ ನೋಡಲಿ?"

"ಸರ್, ಮೂರು ವರ್ಷ ಆಯ್ತು…"

"ನಿಮ್ಮಂಥೋರು ಸಿಗಲ್ಲ ಕಣ್ರೀ. ಅಲ್ಲಿಗೆ ಹೋಗೋಕೆ ನೀವೇನು ತಪ್ಪು ಮಾಡಿದೀರಿ?"

ಗುಮಾಸ್ತ ಕೇಳದೆ ಕುರ್ಚಿ ಎಳೆದು ಕೂತ. ಮೂರು ವರ್ಷದಿಂದ ಒಳ್ಳೆಯವನಾಗಿ ಕಾದದ್ದಕ್ಕೆ ಸಿಕ್ಕಿದ್ದು ಇದು. ಆಮೇಲೆ ಸಾಹೇಬರ ಕೊನೆಯ ಮಾತು ನಿಧಾನವಾಗಿ ತಲೆಗೆ ಹತ್ತಿತು. ತಪ್ಪು ಮಾಡಿದವರನ್ನು ತಾನೇ ಅಲ್ಲಿಗೆ ಒಗೆಯುವುದು?

"ಮಾಡಿದೀನಿ ಸರ್," ಎಂದ. ದಿನವೆಲ್ಲಾ ಕಾಣದ ಗೆಲುವು ಅವನ ಮುಖದಲ್ಲಿತ್ತು. "ಆ ನಂಬರ್ ಹೊರಗೆ ಕೊಟ್ಟೋನು ನಾನೇ. ಬಸ್ ಪಾಸಿನ ಹಿಂದೆ ಬರ್ಕೊಂಡು ಹೋಗಿ ಮೇಲಿನ ಮನೆಯೋರಿಗೆ ಕೊಟ್ಟೆ. ನಲವತ್ತು ಸಾವಿರ ಕಡೆ ಹೋಗಿದ್ದು ನನ್ನಿಂದ. ನಿಮಗೆ ಯಾವ ಶಿಕ್ಷೆ ಸರಿ ಅನ್ಸುತ್ತೋ ಕೊಡಿ ಸರ್. ಎಲ್ಲಿಗೆ ಬೇಕಾದ್ರೂ ಒಗೀರಿ."

ಸಾಹೇಬರು ಎದ್ದರು. ಮುಖ ಕೆಂಪಗಾಗಿತ್ತು. ಗುಮಾಸ್ತ ಮನಸ್ಸಿನಲ್ಲೇ ಟ್ರಂಕು ಕಟ್ಟತೊಡಗಿದ. ಸಾಹೇಬರು ಬಾಗಿಲಾಚೆ ಒಮ್ಮೆ ಇಣುಕಿ, ಚಿಲಕ ಹಾಕಿ, ಅವನ ಪಕ್ಕದಲ್ಲೇ ಬಂದು ಕೂತರು.

"ಮೆಲ್ಲಗೆ ಮಾತಾಡ್ರೀ, ಪುಣ್ಯಾತ್ಮ!" ಎಂದು ಪಿಸುಗುಟ್ಟಿದರು. "ನಮ್ಮ ಮನೇದೂ ಬೆಳಿಗ್ಗೆಯಿಂದ ಕಪ್ಪಗಿದೆ. ನಮ್ಮ ಬಾಮೈದ ಯಾವನೋ ರಿಪೇರಿ ಅಂಗಡೀಲಿ ಹಾಕಿಸ್ಕೊಂಡು ಬಂದಿದ್ದು. ಶಿಕ್ಷೆ ಅಂತ ಬರೆದ್ರೆ ತನಿಖೆ ಆಗುತ್ತೆ, ತನಿಖೆ ಆದ್ರೆ ನೆಟ್ಟಗೆ ನಮ್ಮ ಮನೆ ಬಾಗಿಲಿಗೇ ಬರುತ್ತೆ. ನೀವು ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ."

"ಶಿಕ್ಷೆ ಬೇಡ ಅಂದ್ರೆ ಆ ಆದೇಶಕ್ಕಾದ್ರೂ…"

"ಇಷ್ಟು ಗೊತ್ತಾದ ಮೇಲೆ ನಿಮ್ಮನ್ನ ಕಣ್ಣಳತೆ ಬಿಟ್ಟು ಕಳಿಸ್ತೀನೇನ್ರೀ?" ಸಾಹೇಬರು ಆದೇಶದ ಹಾಳೆಯನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. "ಭಾನುವಾರ ಬೆಳಿಗ್ಗೆ ಮನೆ ಕಡೆ ಬನ್ನಿ. ಆ ಹೊಸ ನಂಬರ್ ತಗೊಂಡು ಬನ್ನಿ. ಬಾಮೈದನ ಮನೇಲಿ ಇನ್ನೂ ಮೂರು ಕಂಪ್ಯೂಟರ್ ಇದೆ."

ಐದು ಗಂಟೆಗೆ ಹೆಂಡತಿಯ ಫೋನು ಬಂತು. ಗುಮಾಸ್ತ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ.

"ಸಹಿ ಆಯ್ತಾ?" ಎಂದಳು.

"ಇಲ್ಲ ಕಣೇ," ಎಂದ. "ಈ ಭಾನುವಾರಾನೂ ಬರೋಕಾಗಲ್ಲ. ಪಾಪುಗೆ ನೀನೇ ಏನಾದ್ರೂ ಹೇಳು."